ಹಳೆಯ ಆರ್44 ಕೊಳ್ಳಲೇ, ಕ್ಯಾಬ್ರಿ ಜಿ2 ಕೊಳ್ಳಲೇ?

ಅಮೆರಿಕದಲ್ಲಿ ಹೊಸದಾಗಿ ಹೆಲಿಕಾಪ್ಟರ್ ಲೈಸೆನ್ಸ್ ಪಡೆದಿದ್ದೀರಿ, 2006ರ ರಾಬಿನ್ಸನ್ ಆರ್44 ಒಂದು ಅಗ್ಗಕ್ಕೆ ಸಿಗುತ್ತಿದೆ, ಹಿಂದಿನ ಓವರ್‌ಹಾಲ್ (ಪೂರ್ತಿ ಬಿಚ್ಚಿ, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸುವುದು) ಆಗಿ ಹತ್ತು ವರ್ಷವಾಗಿದ್ದರೂ ಹಾರಿದ್ದು 900 ಗಂಟೆ ಮಾತ್ರ ಎಂದು ಬರೆದು, ಅದನ್ನು ಕೊಳ್ಳಲೇ, ಕ್ಯಾಬ್ರಿ ಜಿ2 ಹೆಲಿಕಾಪ್ಟರ್ ಕೊಳ್ಳಲೇ ಎಂದು ಕೇಳಿದ್ದೀರಿ. ಹೆಲಿಕಾಪ್ಟರ್ ಬಿಚ್ಚಿ ಜೋಡಿಸುವುದೇ ನನ್ನ ಕಸುಬು. ಆ 'ಮಾತ್ರ' ಎಂಬುದನ್ನು ನಂಬಬೇಡಿ.

ಆರ್44ರ ಓವರ್‌ಹಾಲ್‌ಗೆ ಕಂಪನಿ ಇಟ್ಟಿರುವ ಗಡುವು 2200 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ನಿಮಗೆ ಉಳಿದಿರುವುದು 1300 ಗಂಟೆಯಲ್ಲ, ಎರಡು ವರ್ಷ. ಸ್ವಂತಕ್ಕೆ ಹಾರುವವರು ವರ್ಷಕ್ಕೆ 100 ಗಂಟೆ ಹಾರಿದರೆ ಹೆಚ್ಚು. ಅಂದರೆ 200 ಗಂಟೆ ಹಾರುವಷ್ಟರಲ್ಲಿ 2 ಲಕ್ಷ ಡಾಲರಿಗೂ ಮೀರಿದ ಓವರ್‌ಹಾಲ್ ಬಿಲ್ಲು ಬಾಗಿಲಲ್ಲಿರುತ್ತದೆ. ಮಾರುವವರು ಬೆಲೆ ಇಳಿಸಿರುವುದು ಅದಕ್ಕೇ. ಪೆಟ್ರೋಲು, ಹ್ಯಾಂಗರ್ ಬಾಡಿಗೆ ಇದರ ಮುಂದೆ ಸಣ್ಣವು. ವಿಮೆ ಮಾತ್ರ ಹೊಸ ಪೈಲಟ್‌ಗೆ ದುಬಾರಿ, ಮೊದಲೇ ವಿಚಾರಿಸಿ.

ಇನ್ನು ಸುರಕ್ಷತೆ. ಆರ್44 ಕೆಟ್ಟ ಯಂತ್ರವಲ್ಲ. ಬಿಡಿಭಾಗ ಕಡಿಮೆ, ತೂಕ ಕಡಿಮೆ, ಬೆಲೆ ಕಡಿಮೆ ಎಂಬ ಲೆಕ್ಕದಲ್ಲಿ ಫ್ರಾಂಕ್ ರಾಬಿನ್ಸನ್ ಮೊದಲು ಆರ್22, ಆಮೇಲೆ ಆರ್44 ಮಾಡಿದರು. ಎರಡೇ ರೆಕ್ಕೆಗಳ ರೋಟರು ಮಾಸ್ಟಿನ (ಅದನ್ನು ತಿರುಗಿಸುವ ಕಂಬದ) ಮೇಲೆ ತಕ್ಕಡಿ ದಂಡದಂತೆ ತೂಗುತ್ತದೆ. ಕೆಳಗಿನ ದೇಹವನ್ನು ಹತೋಟಿಯಲ್ಲಿಡುವುದು ರೋಟರಿನ ಎಳೆತ. ಸ್ಟಿಕ್ಕನ್ನು ಒಮ್ಮೆಲೇ ಮುಂದಕ್ಕೆ ತಳ್ಳಿದರೆ, ಇಲ್ಲವೇ ಜೋರು ಗಾಳಿಯ ಹೊಡೆತಕ್ಕೆ ಸಿಕ್ಕರೆ, ಆ ಎಳೆತ ಕ್ಷಣಕಾಲ ಇಲ್ಲವಾಗಬಹುದು. ಬಾಲದ ರೋಟರು ತಳ್ಳುತ್ತಲೇ ಇರುವುದರಿಂದ ಹೆಲಿಕಾಪ್ಟರ್ ಬಲಕ್ಕೆ ಹೊರಳುತ್ತದೆ. ಯಾರ ಕೈಯಾದರೂ ತಾನಾಗಿ ಸ್ಟಿಕ್ಕನ್ನು ಎಡಕ್ಕೆ ಎಳೆಯುತ್ತದೆ. ಆಗ ರೋಟರು ವಾಲುತ್ತದೆ, ದೇಹ ಹಿಂಬಾಲಿಸುವುದಿಲ್ಲ; ರೆಕ್ಕೆಗಳನ್ನು ಹಿಡಿದಿರುವ ನಡುಭಾಗ, ಅಂದರೆ ಹಬ್, ಮಾಸ್ಟಿಗೆ ಬಡಿದು ಮಾಸ್ಟೇ ಮುರಿಯಬಹುದು. ಇದೇ ಮಾಸ್ಟ್ ಬಂಪಿಂಗ್. ಹೊರಳತೊಡಗಿದರೆ ಮೊದಲು ಸ್ಟಿಕ್ಕನ್ನು ಮೆಲ್ಲಗೆ ಹಿಂದಕ್ಕೆ ತಂದು ರೋಟರಿನ ಮೇಲೆ ಭಾರ ಬೀಳಿಸಬೇಕು, ಹೊರಳಿಕೆಯ ಚಿಂತೆ ಆಮೇಲೆ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1995ರಲ್ಲೇ ಆರ್22, ಆರ್44 ಪೈಲಟ್‌ಗಳಿಗೆ ವಿಶೇಷ ತರಬೇತಿ ಕಡ್ಡಾಯ ಮಾಡಿದ್ದು ಇಂಥದ್ದಕ್ಕೇ. ನ್ಯೂಜಿಲೆಂಡಿನ ಅಪಘಾತ ತನಿಖಾ ಆಯೋಗ 2016ರಲ್ಲಿ ರಾಬಿನ್ಸನ್‌ಗಳ ಮಾಸ್ಟ್ ಬಂಪಿಂಗನ್ನು ತನ್ನ ನಿಗಾ ಪಟ್ಟಿಗೆ ಸೇರಿಸಿತು.

ಫ್ರಾನ್ಸಿನ ಬ್ರೂನೊ ಗಿಂಬಾಲ್ ರೂಪಿಸಿದ ಕ್ಯಾಬ್ರಿಯದು ಮೂರು ರೆಕ್ಕೆಗಳ ರೋಟರು. ಈ ಭಯ ಅಲ್ಲಿಲ್ಲ. ನೆಲಕ್ಕೆ ಅಪ್ಪಳಿಸಿದರೂ ಪೆಟ್ಟು ಹೀರುವ ಸೀಟು, ಸುಲಭವಾಗಿ ಒಡೆಯದ ಟ್ಯಾಂಕು ಮೊದಲಿನಿಂದಲೂ ಇವೆ. ಆದರೆ ರೋಟರು ತಿರುಗುವ ದಿಕ್ಕು ರಾಬಿನ್ಸನ್‌ಗೆ ಉಲ್ಟಾ. ಮೂತಿ ಎಡಕ್ಕೆ ತಿರುಗತೊಡಗಿದರೆ ಬಾಲದ ರೋಟರನ್ನು ನಿಯಂತ್ರಿಸುವ ಬಲ ಪೆಡಲನ್ನು ತಡಮಾಡದೆ ಪೂರ್ತಿ ಒತ್ತಿ ಹಿಡಿಯಬೇಕು. ಆರ್44ರಲ್ಲಿ ಕಲಿತವರು ಇದನ್ನು ಕಾಲಿಗೆ ಹೊಸದಾಗಿ ಕಲಿಸಬೇಕು.

ನಿಮ್ಮ ಜೊತೆ ಹೆಚ್ಚಾಗಿ ಒಬ್ಬರೇ ಹಾರುವುದಾದರೆ ಕ್ಯಾಬ್ರಿಯನ್ನೇ ಕೊಳ್ಳಿ, ಅದರಲ್ಲಿ ಎರಡೇ ಸೀಟು. ಮಕ್ಕಳೂ ಬರುತ್ತಾರೆಂದರೆ ಆರ್44 ಇರಲಿ, ಆದರೆ ಓವರ್‌ಹಾಲ್ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ. ಇನ್ನೊಂದು: ಆ ಕಾಲದ ಆರ್44ಗಳ ಟ್ಯಾಂಕು ಬರೀ ಅಲ್ಯೂಮಿನಿಯಂ. ಬದುಕಿ ಬರಬಹುದಾಗಿದ್ದ ಅಪಘಾತಗಳಲ್ಲೂ ಟ್ಯಾಂಕು ಒಡೆದು ಬೆಂಕಿ ಹತ್ತಿ ಜನ ಸತ್ತಿದ್ದಾರೆ. ಒಳಗೆ ರಬ್ಬರಿನಂಥ ಚೀಲವಿರುವ ಟ್ಯಾಂಕು ಹಾಕಿಸಿ ಎಂದು ಕಂಪನಿ 2010ರಲ್ಲಿ ಹೇಳಿತು, ಆಸ್ಟ್ರೇಲಿಯಾ 2013ರಲ್ಲಿ ಕಡ್ಡಾಯವನ್ನೇ ಮಾಡಿತು. ನೀವು ನೋಡಿರುವುದಕ್ಕೆ ಬಹುಶಃ ಹಾಕಿಸಿರುತ್ತಾರೆ. ಲಾಗ್‌ಬುಕ್ಕಿನಲ್ಲಿ ಆ ನಮೂದನ್ನು ಕಣ್ಣಾರೆ ನೋಡುವವರೆಗೂ ಮುಂಗಡ ಕೊಡಬೇಡಿ.