ಡ್ರುಪಲ್ 7ರಿಂದ ಬ್ಯಾಕ್‌ಡ್ರಾಪ್‌ಗೆ ಹೋಗಬಹುದೇ?

ನಮಸ್ಕಾರ. ಬದಿಯಡ್ಕದ ನಿಮ್ಮ ಗ್ರಂಥಾಲಯದ ಜಾಲತಾಣ ಡ್ರುಪಲ್ 7 ಎಂಬ, ಜಾಲತಾಣ ಕಟ್ಟಿ ನಡೆಸುವ ತಂತ್ರಾಂಶದಲ್ಲಿದೆ; ಅದನ್ನು ಬ್ಯಾಕ್‌ಡ್ರಾಪ್‌ಗೆ ಒಯ್ಯಬಹುದೇ, ಡ್ರುಪಲ್‌ನ ಕೋಡಿನಿಂದಲೇ ಕವಲೊಡೆದು ಬಂದ ಆ ತಂತ್ರಾಂಶ ನಾಳೆ ನಿಂತುಹೋದೀತೇ ಎಂದು ಕೇಳಿದ್ದೀರಿ.

ಹೋಗಿ, ಆದರೆ ಒಂದು ವಿಷಯ ನೋಡಿಕೊಂಡು. ಡ್ರುಪಲ್ 7ರ ಅಧಿಕೃತ ಬೆಂಬಲ 2025ರ ಜನವರಿಯಲ್ಲೇ ಮುಗಿದಿದೆ, ಅಲ್ಲೇ ಉಳಿಯುವುದು ಅಪಾಯ. ಡ್ರುಪಲ್ 8 ಅನ್ನು ಸಿಂಫನಿ ಎಂಬ ಸಿದ್ಧ ಕೋಡ್ ಚೌಕಟ್ಟಿನ ಭಾಗಗಳ ಮೇಲೆ ಕಟ್ಟಲು ಹೊರಟಾಗ, ಸಣ್ಣ ಸಂಸ್ಥೆಗಳಿಗೆ ಅದು ಭಾರವಾದೀತೆಂದು 2013ರಲ್ಲಿ ಕೆಲವರು ಬೇರೆ ಕವಲು ಶುರುಮಾಡಿದರು. ಅದೇ ಬ್ಯಾಕ್‌ಡ್ರಾಪ್. ಮೊದಲ ಆವೃತ್ತಿ 2015ರ ಜನವರಿಯಲ್ಲಿ ಬಂತು, ಅಂದಿನಿಂದ ಸಮುದಾಯವೇ ನಡೆಸುತ್ತಿದೆ. ಹತ್ತು ವರ್ಷ ದಾಟಿದ ಕವಲನ್ನು ನಾನು ನಂಬುತ್ತೇನೆ.

ನೋಡಬೇಕಾದದ್ದು ಭಾಷೆಯ ವಿಷಯ. ನಿಮ್ಮಲ್ಲಿ ಕನ್ನಡ, ಮಲಯಾಳ ಎರಡೂ ಪುಟಗಳಿವೆ. ಡ್ರುಪಲ್ 7ರ ಮಾಡ್ಯೂಲ್‌ಗಳು (ಹೊಸ ಸೌಲಭ್ಯ ಸೇರಿಸುವ ಬಿಡಿಭಾಗಗಳು) ಬ್ಯಾಕ್‌ಡ್ರಾಪ್‌ನಲ್ಲಿ ಇದ್ದ ಹಾಗೇ ಓಡುವುದಿಲ್ಲ, ಅದಕ್ಕೆಂದೇ ತಿದ್ದಿದ ಪ್ರತಿ ಬೇಕು. ಪುಟಗಳ ಪಟ್ಟಿ ತೋರಿಸುವ ವ್ಯೂಸ್ ಮಾಡ್ಯೂಲ್ ಬ್ಯಾಕ್‌ಡ್ರಾಪ್‌ನ ಕೋರ್‌ನಲ್ಲೇ, ಅಂದರೆ ಮೂಲ ತಂತ್ರಾಂಶದಲ್ಲೇ, ಇದೆ. ಅನುವಾದಕ್ಕೆ ಬಳಸುವ ಒಂದೊಂದು ಮಾಡ್ಯೂಲನ್ನೂ ಹುಡುಕಿ ನೋಡಿ. ಸಿಗದಿದ್ದರೆ, ಶ್ರಮ ಹೆಚ್ಚಾದರೂ, ಬಹುಭಾಷಾ ಸೌಲಭ್ಯ ಕೋರ್‌ನಲ್ಲೇ ಇರುವ ಹೊಸ ಡ್ರುಪಲ್ಲೇ ಮೇಲು.

ಮೊದಲು ಡೇಟಾಬೇಸಿನ ನಕಲಿನ ಮೇಲೆ ಪ್ರಯೋಗಿಸಿ. ಮಾಡ್ಯೂಲ್‌ಗಳ ಪಟ್ಟಿ ಹಾಕಿದರೆ ನಾನೂ ನೋಡುತ್ತೇನೆ. ಕುಂಬಳೆಯಿಂದ ಬದಿಯಡ್ಕ ದೂರವೇನಲ್ಲ, ಬೇಕಾದರೆ ಬಂದು ಜೊತೆಗೆ ಕೂರುತ್ತೇನೆ.