ಯಾರೂ ಬಟನ್ ಒತ್ತಿಲ್ಲ, ಆದರೂ ಫ್ಲಶ್ ಟ್ಯಾಂಕ್ ತುಂಬಿಕೊಳ್ಳುತ್ತಿದೆ!

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿನ ಮನೆ. ಕಮೋಡ್ ಹಿಂದಿನ ಫ್ಲಶ್ ಟ್ಯಾಂಕ್ ಅರ್ಧ ಗಂಟೆಗೊಮ್ಮೆ ತಾನಾಗಿಯೇ ‘ಸುಯ್’ ಎಂದು ತುಂಬಿಕೊಳ್ಳುತ್ತದೆ. ಹೋದ ವರ್ಷವಷ್ಟೇ ಬಾಲ್ ಕಾಕ್ (ಟ್ಯಾಂಕ್ ತುಂಬಿದಾಗ ತಾನೇ ಬಂದ್ ಆಗುವ ನಲ್ಲಿ) ಹೊಸದು ಹಾಕಿಸಿದ್ದೆವು. ಈಗ ಪ್ಲಂಬರ್ ಇಡೀ ಟ್ಯಾಂಕ್ ಬದಲಾಯಿಸಿ ಅನ್ನುತ್ತಿದ್ದಾರೆ. ಟ್ಯಾಂಕ್ ಒಳಗೆ ಕ್ಲೀನರ್ ಮಾತ್ರೆ ಹಾಕುವ ಅಭ್ಯಾಸ ನಮಗಿದೆ. ಏನು ಮಾಡಲಿ?

ಉತ್ತರ: ಟ್ಯಾಂಕ್ ಬಿರುಕು ಬಿಟ್ಟಿಲ್ಲ ಅಂದರೆ ಬದಲಾಯಿಸುವುದು ಬೇಡ. ಹೋದ ವರ್ಷ ಬಾಲ್ ಕಾಕ್ ಬದಲಾಯಿಸಿದ್ದೂ ಪ್ರಾಯಶಃ ದಂಡ.

ನೀವು ಹೇಳಿದ ಸದ್ದಿನಲ್ಲೇ ಸುಳಿವಿದೆ. ಬಾಲ್ ಕಾಕ್ ಕೆಟ್ಟರೆ ನೀರು ನಿಲ್ಲುವುದೇ ಇಲ್ಲ. ಸಣ್ಣಗೆ ಬರುತ್ತಲೇ ಇದ್ದು, ಓವರ್‌ಫ್ಲೋ ಪೈಪಿನ ಮೂಲಕ ಕಮೋಡ್‌ಗೆ ಇಳಿಯುತ್ತದೆ. ನಿಮ್ಮಲ್ಲಿ ಹಾಗಲ್ಲ. ತುಂಬಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತುಂಬುತ್ತಿದೆ. ಅಂದರೆ ತಳದಿಂದ ನೀರು ಸೋರುತ್ತಿದೆ. ಮಟ್ಟ ಇಳಿದಾಗ ಬಾಲ್ ಕಾಕ್ ತೆರೆದುಕೊಂಡು ತನ್ನ ಕೆಲಸ ತಾನು ಮಾಡುತ್ತಿದೆ, ಅಷ್ಟೆ. ಪ್ರತಿ ಸಲ 2 ಲೀಟರ್ ಅಂತ ಹಿಡಿದರೂ ದಿನಕ್ಕೆ 96 ಲೀಟರ್ ಸುಮ್ನೆ ಹೋಗುತ್ತದೆ.

ಖಚಿತ ಮಾಡಿಕೊಳ್ಳಲು ಟ್ಯಾಂಕ್ ತುಂಬಿದ ಮೇಲೆ ಗೋಡೆಯ ಹತ್ತಿರದ ಆಂಗಲ್ ಕಾಕ್ ಬಂದ್ ಮಾಡಿ. ಒಳಗೆ ನೀರಿನ ಮಟ್ಟಕ್ಕೆ ಪೆನ್ಸಿಲ್‌ನಿಂದ ಗೆರೆ ಎಳೆದು ಒಂದು ಗಂಟೆ ಬಿಡಿ. ನೀರು ಗೆರೆಗಿಂತ ಇಳಿದಿದ್ದರೆ ತಪ್ಪು, ಬಟನ್ ಒತ್ತಿದಾಗ ನೀರು ಬಿಡುವ ತಳದ ಫ್ಲಶ್ ವಾಲ್ವ್‌ನದು. ಟ್ಯಾಂಕ್‌ನ ಹೊರಮೈ, ಕೆಳಗಿನ ನಟ್ಟುಗಳನ್ನೂ ಒಮ್ಮೆ ಒಣ ಬಟ್ಟೆಯಲ್ಲಿ ಒರೆಸಿ ನೋಡಿ; ಬಟ್ಟೆ ಒದ್ದೆಯಾದರೆ ಸೋರುವುದು ಹೊರಗಡೆ. ಇನ್ನೂ ಅನುಮಾನ ಇದ್ದರೆ ಬಟ್ಟೆಗೆ ಹಾಕುವ ನೀಲಿಯನ್ನು ಟ್ಯಾಂಕಿಗೆ ನಾಲ್ಕು ಹನಿ ಹಾಕಿ. ಯಾರೂ ಫ್ಲಶ್ ಮಾಡದೆ ಕಮೋಡ್ ನೀರು ನೀಲಿಯಾದರೆ ಮತ್ತೆ ಮಾತಿಲ್ಲ.

ಈಗ ರಿಪೇರಿ. ಅದಕ್ಕೂ ಮೊದಲು ಮುಚ್ಚಳ ಎತ್ತಿ ಪಕ್ಕಕ್ಕಿಟ್ಟು ನೋಡಿ. ಸೋರುವುದು ಅಲ್ಲಿಗೇ ನಿಂತರೆ, ಬಟನ್‌ನ ಕಡ್ಡಿ ಉದ್ದವಾಗಿ ವಾಲ್ವನ್ನು ಪೂರ್ತಿ ಕೂರಲು ಬಿಡುತ್ತಿಲ್ಲ ಎಂದರ್ಥ. ಕಡ್ಡಿಯನ್ನು ತಿರುಗಿಸಿ ಗಿಡ್ಡ ಮಾಡಿದರೆ ಮುಗಿಯಿತು. ಇದನ್ನು ನೋಡದೆ ಸಾಮಾನು ಬದಲಾಯಿಸುವವರೇ ಜಾಸ್ತಿ.

ನಿಲ್ಲದಿದ್ದರೆ ಆಂಗಲ್ ಕಾಕ್ ಬಂದ್ ಇರಲಿ, ಫ್ಲಶ್ ಮಾಡಿ ನೀರು ಖಾಲಿ ಮಾಡಿ. ಎರಡು ಬಟನ್‌ನ ಟ್ಯಾಂಕ್ ಆದರೆ ಮಧ್ಯದ ಪ್ಲಾಸ್ಟಿಕ್ ಕೊಳವೆಯನ್ನು ಹಿಡಿದು ಕಾಲು ಸುತ್ತು ಎಡಕ್ಕೆ ತಿರುಗಿಸಿದರೆ ಸಾಮಾನ್ಯವಾಗಿ ಎದ್ದು ಬರುತ್ತದೆ. ಬಾರದಿದ್ದರೆ ಜೋರು ಮಾಡಬೇಡಿ. ಹಳೆಯ ಪ್ಲಾಸ್ಟಿಕ್ ಪಟ್ ಎಂದು ಮುರಿಯುತ್ತದೆ. ಕೆಳತುದಿಯಲ್ಲಿ ಬಳೆಯಂಥ ರಬ್ಬರ್ ವಾಷರ್ ಇರುತ್ತದೆ. ಬೋರ್‌ವೆಲ್ ನೀರಿನ ಮನೆಯಲ್ಲಿ ಅದರ ಮೇಲೆ ಸುಣ್ಣದ ಬಿಳಿ ಪೊರೆ ಕಟ್ಟಿರುತ್ತದೆ. ಮರಳಿನ ಕಣದಷ್ಟು ಪೊರೆ ಸಾಕು, ನೀರು ದಾರಿ ಮಾಡಿಕೊಳ್ಳುತ್ತದೆ.

ಬಿಚ್ಚಿದ ಭಾಗವನ್ನು ಬಕೆಟ್‌ನಲ್ಲಿ ವಿನಿಗರ್ ಅಥವಾ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ವಾಷರ್ ಕೂರುವ ಅಂಚನ್ನೂ ಒರೆಸಿ. ನೆನಪಿರಲಿ: ನಿಮ್ಮ ಕ್ಲೀನರ್ ಮಾತ್ರೆಯಲ್ಲಿ ಬ್ಲೀಚ್ ಇದ್ದರೆ, ಅದು ವಿನಿಗರ್ ಜೊತೆ ಸೇರಿದಾಗ ವಿಷದ ಕ್ಲೋರಿನ್ ಗಾಳಿ ಹೊರಡುತ್ತದೆ. ಆಂಗಲ್ ಕಾಕ್ ಬಂದ್ ಮಾಡುವ ಮೊದಲೇ ಮಾತ್ರೆ ತೆಗೆದು, ಮೂರ್ನಾಲ್ಕು ಸಲ ಫ್ಲಶ್ ಮಾಡಿ, ಬಿಚ್ಚಿದ ಭಾಗವನ್ನು ಚೆನ್ನಾಗಿ ತೊಳೆದೇ ನೆನೆಸಿ. ಬಾತ್‌ರೂಮ್ ತೊಳೆಯುವ ಆಸಿಡ್ ಅಂತೂ ಟ್ಯಾಂಕ್ ಒಳಗೆ ಹಾಕಲೇಬೇಡಿ.

ವಾಷರ್ ಗಟ್ಟಿಯಾಗಿದ್ದರೆ, ಸೊಟ್ಟಗಾಗಿದ್ದರೆ ಹೊಸದೇ ಬೇಕು. ಬ್ಲೀಚ್ ಮಾತ್ರೆ ರಬ್ಬರನ್ನು ಬೇಗ ಹಾಳು ಮಾಡುತ್ತದೆ. ಆ ಅಭ್ಯಾಸ ಬಿಡಿ. ಕ್ಲೀನರ್ ಹಾಕುವುದಿದ್ದರೆ ಟ್ಯಾಂಕಿಗಲ್ಲ, ಕಮೋಡ್‌ಗೇ ಹಾಕಿ ತೊಳೆಯಿರಿ. ಹಳೆಯ ವಾಷರನ್ನು ಹಾರ್ಡ್‌ವೇರ್ ಅಂಗಡಿಗೆ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ನೋಡಲು ಒಂದೇ ಥರ ಕಂಡರೂ ಅಳತೆ ಬೇರೆ ಬೇರೆ ಇರುತ್ತದೆ. ಮರುಜೋಡಿಸಿದ ಮೇಲೆ ನೀರಿನ ಮಟ್ಟ ಓವರ್‌ಫ್ಲೋ ಬಾಯಿಗಿಂತ ಒಂದು ಇಂಚು ಕೆಳಗೆ ನಿಲ್ಲುವಂತೆ ಫ್ಲೋಟ್ ಸರಿಮಾಡಿ, ಪೆನ್ಸಿಲ್ ಗೆರೆಯ ಪರೀಕ್ಷೆ ಇನ್ನೊಮ್ಮೆ ಮಾಡಿ.

ಪ್ರಶ್ನೆ: ಮೇಲಿನ ಮಹಡಿಯ ಫ್ಲಶ್ ಟ್ಯಾಂಕ್ ತುಂಬಲು ಇಪ್ಪತ್ತು ನಿಮಿಷ ಬೇಕು. ಕೆಳಗಿನದು ಬೇಗ ತುಂಬುತ್ತದೆ. ಯಾಕೆ ಹೀಗೆ?

ಉತ್ತರ: ಓವರ್‌ಹೆಡ್ ಟ್ಯಾಂಕ್‌ನ ನೀರು 10 ಮೀಟರ್ ಎತ್ತರದಿಂದ ಇಳಿದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಮೇಲಿನ ಮಹಡಿಗೆ ಸಿಗುವ ಎತ್ತರ ಎರಡು ಮೂರು ಮೀಟರ್ ಮಾತ್ರ, ಅಲ್ವಾ? ಹಾಗಾಗಿ ಸ್ವಲ್ಪ ನಿಧಾನ ಸಹಜ. ಇಪ್ಪತ್ತು ನಿಮಿಷ ಮಾತ್ರ ಅತಿಯಾಯಿತು. ಆಂಗಲ್ ಕಾಕ್ ಪೂರ್ತಿ ತೆರೆದಿದೆಯೇ ನೋಡಿ. ನಂತರ ಅದನ್ನು ಬಂದ್ ಮಾಡಿ ಕನೆಕ್ಷನ್ ಪೈಪ್ ಬಿಚ್ಚಿ. ಟ್ಯಾಂಕ್ ಒಳಗೆ ಹೋಗುವ ಬಾಯಲ್ಲಿ ಸಾಮಾನ್ಯವಾಗಿ ಪುಟ್ಟ ಜಾಲರಿ ಇರುತ್ತದೆ. ಓವರ್‌ಹೆಡ್ ಟ್ಯಾಂಕಿನ ಕೆಸರು ಅಲ್ಲೇ ಸಿಕ್ಕಿಕೊಳ್ಳುವುದು. ಅದನ್ನು ತೊಳೆದು ಮತ್ತೆ ಹಾಕಿ, ಎಸೆಯಬೇಡಿ. ಆಮೇಲೂ ನಿಧಾನವೇ ಇದ್ದರೆ ಕಡಿಮೆ ಒತ್ತಡಕ್ಕೆ ಹೊಂದುವ ಬಾಲ್ ಕಾಕ್ ಕೇಳಿ ತಂದು ಹಾಕಿಸಿ.