ಕಪ್ಪಿನ ತಳದ ಹೆಸರು

ಸಾಗರದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಮೊಮ್ಮಗನ ಜೊತೆ ಕೂತು ಇಂಗ್ಲಿಷ್ ಸಿನಿಮಾ ನೋಡುತ್ತಿರುತ್ತೇನೆ. ಒಂದೇ ಮುಖ ಎಲ್ಲೆಲ್ಲೋ ಬರುತ್ತದೆ. ಡೈನೋಸಾರ್ ಚಿತ್ರದಲ್ಲಿ ಬೇಟೆಗಾರ, ಇನ್ಸೆಪ್ಷನ್‌ನಲ್ಲಿ ಹಾಸಿಗೆ ಹಿಡಿದ ಅಪ್ಪ, ಮತ್ತೊಂದರಲ್ಲಿ ವಕೀಲ. ಕೆನ್ನೆಯ ಮೂಳೆ ಎದ್ದು ಕಾಣುವ ಮುಖ, ಮರೆಯೋಕೆ ಆಗಲ್ಲ. ಆದರೆ ಹೆಸರು ಗೊತ್ತಿಲ್ಲ. ಇಷ್ಟು ಚೆನ್ನಾಗಿ ಮಾಡುವವರು ಯಾಕೆ ಹೀರೋ ಆಗಲಿಲ್ಲ?’

ಮೇಷ್ಟ್ರೇ, ನಮಸ್ಕಾರ.

ಹೆಸರು ಪೀಟ್ ಪೊಸಲ್‌ತ್ವೇಟ್. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ‘ಟಿ’ ಜಾಸ್ತಿ ಇರುತ್ತದೆ, ಓದುವಾಗ ಅದನ್ನು ನುಂಗಿಬಿಡಬೇಕು. ಹೆಸರು ಬದಲಿಸಿಕೋ ಅಂತ ಶುರುವಿನಲ್ಲೇ ಹೇಳಿದವರಿದ್ದರು. ಅವರು ಒಪ್ಪಲಿಲ್ಲ. ಇಷ್ಟುದ್ದದ ಹೆಸರನ್ನು ಥಿಯೇಟರ್ ಮುಂದೆ ದೀಪದಲ್ಲಿ ಬರೆಸಿದರೆ ಕರೆಂಟ್ ಬಿಲ್ ಯಾರು ಕಟ್ಟೋದು ಅಂತ ತಾವೇ ತಮಾಷೆ ಮಾಡಿಕೊಳ್ಳುತ್ತಿದ್ದರು.

ನೀವು ಹೇಳಿದ ವಕೀಲನ ಪಾತ್ರ ‘ದಿ ಯೂಶುವಲ್ ಸಸ್ಪೆಕ್ಟ್ಸ್’ ಚಿತ್ರದ್ದಿರಬೇಕು, 1995ರದ್ದು. ನೋಡಿಲ್ಲದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ವಕೀಲನ ಹೆಸರು ಕೊಬಯಾಶಿ. ಹೆಸರು ಜಪಾನಿನದು, ಮುಖ ನೋಡಿದರೆ ಜಪಾನಿನವನಲ್ಲ, ಮಾತಿನ ಧಾಟಿ ಕೇಳಿದರೆ ಭೂಪಟದಲ್ಲಿ ಎಲ್ಲಿ ಬೆರಳಿಡಬೇಕು ಅಂತಲೇ ತಿಳಿಯಲ್ಲ. ಇದೇನಪ್ಪಾ ಎಡವಟ್ಟು ಅಂತ ಚಿತ್ರದುದ್ದಕ್ಕೂ ಅನಿಸುತ್ತಿರುತ್ತದೆ. ಕೊನೆಗೆ ತನಿಖೆ ಮಾಡುವ ಕಸ್ಟಮ್ಸ್ ಅಧಿಕಾರಿಯ ಕೈಯಿಂದ ಕಾಫಿ ಕಪ್ಪು ಬಿದ್ದು ಒಡೆಯುತ್ತದೆ, ಅದರ ತಳದಲ್ಲಿ ಪಿಂಗಾಣಿ ಕಂಪನಿಯ ಹೆಸರು ‘ಕೊಬಯಾಶಿ’. ಅಂದರೆ ಆ ವಕೀಲ ಇನ್ನೊಬ್ಬ ಕಟ್ಟಿದ ಕತೆಯೊಳಗಿನ ಮನುಷ್ಯ, ಎಲ್ಲಿಯವನೂ ಅಲ್ಲ. ಈಗ ಆ ಮಾತಿನ ಧಾಟಿ ನೆನಪಿಸಿಕೊಳ್ಳಿ. ನಮಗೆ ಎಡವಟ್ಟು ಅನಿಸಿದ್ದು ಅವರ ಪಾಲಿಗೆ ಲೆಕ್ಕಾಚಾರ. ಇಡೀ ಚಿತ್ರದಲ್ಲಿ ಅವರಿಗೆ ಸಿಕ್ಕಿದ್ದು ಕೆಲವೇ ದೃಶ್ಯ.

ಯಾಕೆ ಹೀರೋ ಆಗಲಿಲ್ಲ ಅಂತ ಕೇಳಿದ್ದೀರಿ. ಆಗಬೇಕು ಅಂತ ಅವರು ಹೊರಟೇ ಇರಲಿಲ್ಲ. ನಾವು ‘ಪೋಷಕ ನಟ’ ಅಂತೀವಲ್ಲ, ಆ ಪದವೇ ನನಗೆ ಅಷ್ಟಾಗಿ ಹಿಡಿಸಲ್ಲ. ಯಾರನ್ನೋ ಪೋಷಿಸೋಕೆ ಇಟ್ಟುಕೊಂಡವರು ಅನ್ನೋ ಹಾಗೆ ಕೇಳುತ್ತದೆ. ಇಂಗ್ಲೆಂಡಿನಲ್ಲಿ ಇಂಥವರನ್ನು ‘ಕ್ಯಾರೆಕ್ಟರ್ ಆ್ಯಕ್ಟರ್’ ಅಂತಾರೆ, ಅಂದರೆ ಮುಖ ಮಾರುವವರಲ್ಲ, ಮನುಷ್ಯರನ್ನು ಕಟ್ಟುವವರು. ಅಲ್ಲಿ ರಂಗಭೂಮಿಯಿಂದ ಬಂದವರಿಗೆ ಅದೊಂದು ಕಸುಬು, ಹೀರೋ ಆಗೋಕೆ ಇಟ್ಟ ಮೆಟ್ಟಿಲಲ್ಲ.

ಹುಟ್ಟಿದ್ದು 1946ರ ಫೆಬ್ರವರಿ 7ರಂದು, ವಾರಿಂಗ್ಟನ್ ಎಂಬ ಊರಲ್ಲಿ. ಲಿವರ್‌ಪೂಲ್, ಮ್ಯಾಂಚೆಸ್ಟರ್‌ಗಳ ನಡುವಿನ ಕಾರ್ಖಾನೆಗಳ ಊರು. ಕ್ಯಾಥೊಲಿಕ್ ಮನೆ, ನಾಲ್ಕು ಮಕ್ಕಳಲ್ಲಿ ಕೊನೆಯವರು. ಅಪ್ಪ ಮರದ ಪೀಪಾಯಿ ಮಾಡುತ್ತಿದ್ದವರು, ಆಮೇಲೆ ಶಾಲೆಯೊಂದರ ಉಸ್ತುವಾರಿ ನೋಡಿಕೊಂಡರು. ಮಗನಿಗೆ ಮೊದಲು ಪಾದ್ರಿಯಾಗುವ ಯೋಚನೆ ಇತ್ತು, ಅದು ಬಿಟ್ಟು ಮೇಷ್ಟ್ರಾದರು. ಹೌದು ಸಾರ್, ನಿಮ್ಮ ಹಾಗೇ ಮೇಷ್ಟ್ರು, ಮಕ್ಕಳಿಗೆ ನಾಟಕ ಕಲಿಸುತ್ತಿದ್ದರು. 24ರ ಹೊತ್ತಿಗೆ ಸಂಬಳದ ಕೆಲಸ ಬಿಟ್ಟು ಬ್ರಿಸ್ಟಲ್ ಓಲ್ಡ್ ವಿಕ್ ನಾಟಕ ಶಾಲೆ ಸೇರಿದರು. ಅಲ್ಲಿಂದ ಲಿವರ್‌ಪೂಲಿನ ಎವ್ರಿಮನ್ ಥಿಯೇಟರ್. 1970ರ ದಶಕದಲ್ಲಿ ಅಲ್ಲಿ ಜೊತೆಗಿದ್ದವರು ಯಾರು ಗೊತ್ತಾ? ಬಿಲ್ ನೈ, ಜೊನಾಥನ್ ಪ್ರೈಸ್, ಜೂಲಿ ವಾಲ್ಟರ್ಸ್. ಆಗ ಯಾರಿಗೂ ಹೆಸರಿರಲಿಲ್ಲ.

ಸಿನಿಮಾದಲ್ಲಿ ಜನ ಅವರನ್ನು ಸರಿಯಾಗಿ ನೋಡಿದ್ದು 1988ರಲ್ಲಿ, ಟೆರೆನ್ಸ್ ಡೇವಿಸ್ ಮಾಡಿದ ‘ಡಿಸ್ಟೆಂಟ್ ವಾಯ್ಸಸ್, ಸ್ಟಿಲ್ ಲೈವ್ಸ್’ನಲ್ಲಿ. ನಿರ್ದೇಶಕರ ಸ್ವಂತ ಮನೆಯ ಕತೆ ಅದು, ಲಿವರ್‌ಪೂಲಿನ ಒಂದು ಬಡ ಮನೆ, ಹೆಂಡತಿ ಮಕ್ಕಳನ್ನು ಹೊಡೆಯುವ ಅಪ್ಪ. ಒಂದು ಕ್ರಿಸ್‌ಮಸ್ ರಾತ್ರಿ ಅಪ್ಪ ಮಲಗಿರುವ ಮಕ್ಕಳ ಹತ್ತಿರ ಮೆಲ್ಲಗೆ ಬರುತ್ತಾನೆ, ಅವರಿಗೆ ಅಂತ ತಂದದ್ದನ್ನು ಮಂಚಕ್ಕೆ ಕಟ್ಟುತ್ತಾನೆ, ದೇವರು ಒಳ್ಳೇದು ಮಾಡಲಿ ಅಂತ ಪಿಸುಗುಟ್ಟುತ್ತಾನೆ. ಮುಂದಿನ ದೃಶ್ಯದಲ್ಲಿ ಹಬ್ಬದೂಟದ ಮೇಜು, ಸುತ್ತ ಮಕ್ಕಳು, ಯಾರೂ ಮಾತಾಡಲ್ಲ. ಇದ್ದಕ್ಕಿದ್ದ ಹಾಗೆ ಮೇಜಿನ ಬಟ್ಟೆ ಹಿಡಿದು ಎಳೆಯುತ್ತಾನೆ, ತಟ್ಟೆ ಲೋಟ ಎಲ್ಲ ನೆಲಕ್ಕೆ, ಬಂದು ಗುಡಿಸು ಅಂತ ಹೆಂಡತಿಗೆ ಅರಚುತ್ತಾನೆ. ಎರಡರ ನಡುವೆ ಏನಾಯಿತು ಅಂತ ಚಿತ್ರ ಹೇಳಲ್ಲ. ಆದರೂ ಇಬ್ಬರು ಬೇರೆ ಬೇರೆ ಮನುಷ್ಯರು ಅಂತ ನಮಗೆ ಒಂದು ಕ್ಷಣವೂ ಅನಿಸಲ್ಲ, ಇಂಥ ಅಪ್ಪಂದಿರನ್ನು ನೋಡಿದವರಿಗಂತೂ ಅನಿಸೋದೇ ಇಲ್ಲ. ಹೀರೋ ಆಗಿದ್ದರೆ ಇಂಥ ಪಾತ್ರ ಯಾರು ಕೊಡುತ್ತಿದ್ದರು ಹೇಳಿ.

1993ರಲ್ಲಿ ‘ಇನ್ ದಿ ನೇಮ್ ಆಫ್ ದಿ ಫಾದರ್’. ಮಾಡದ ಬಾಂಬ್ ಸ್ಫೋಟದ ಕೇಸಿನಲ್ಲಿ ಮಗ ಜೈಲಿಗೆ ಹೋಗುತ್ತಾನೆ, ಬಿಡಿಸೋಕೆ ಅಂತ ಬಂದ ಅಪ್ಪನನ್ನೂ ಒಳಗೆ ಹಾಕುತ್ತಾರೆ. ನಡೆದ ಘಟನೆ ಇದು, ಜುಸೆಪ್ಪೆ ಕಾನ್ಲನ್ ಎಂಬ ಆ ಅಪ್ಪ 1980ರಲ್ಲಿ ಕೈದಿಯಾಗಿಯೇ ತೀರಿಕೊಂಡರು. (ಚಿತ್ರದಲ್ಲಿ ಅಪ್ಪ ಮಗ ಒಂದೇ ಕೋಣೆಯಲ್ಲಿ ಇರುತ್ತಾರೆ, ನಿಜದಲ್ಲಿ ಹಾಗಿರಲಿಲ್ಲ.) ಪೊಸಲ್‌ತ್ವೇಟ್ ಇಲ್ಲಿ ದನಿ ಏರಿಸುವುದೇ ಕಡಿಮೆ. ಆಸ್ಕರ್‌ಗೆ ನಾಮನಿರ್ದೇಶನ ಆಯಿತು, ಬರಲಿಲ್ಲ, ಟಾಮಿ ಲೀ ಜೋನ್ಸ್‌ಗೆ ಹೋಯಿತು.

ಮರುವರ್ಷ ಟಿವಿಯಲ್ಲಿ, ಬ್ರಿಟಿಷ್ ಸೈನಿಕನೊಬ್ಬನ ಕುರಿತ ಕಾದಂಬರಿಗಳಿಂದ ಮಾಡಿದ ‘ಶಾರ್ಪ್’ ಸರಣಿಯ ಸಾರ್ಜೆಂಟ್ ಹೇಕ್ಸ್‌ವಿಲ್, ತನ್ನ ಟೋಪಿಯ ಒಳಗೆ ಮುಖ ಹಾಕಿ ಮಾತಾಡುವ ವಿಲನ್. ಆಮೇಲೆ ಬಂದ ಒಂದು ಶಾರ್ಪ್ ಕಾದಂಬರಿಯಲ್ಲಿ ಇದೇ ಹೇಕ್ಸ್‌ವಿಲ್ 1799ರ ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇದ್ದಾನೆ!

ಸ್ಪೀಲ್‌ಬರ್ಗ್ ನಿಮ್ಮ ಡೈನೋಸಾರ್ ಚಿತ್ರ ‘ದಿ ಲಾಸ್ಟ್ ವರ್ಲ್ಡ್’ ಮಾಡಿದ ಮೇಲೆ, ಇವರೇ ಜಗತ್ತಿನ ಅತ್ಯುತ್ತಮ ನಟ ಅಂದಿದ್ದರು. ಅದಕ್ಕೆ ಪೊಸಲ್‌ತ್ವೇಟ್ ಕೊಟ್ಟ ಉತ್ತರ: ಅವರು ನಿಜವಾಗಿ ಹೇಳಿದ್ದು, ಪೀಟ್ ತನ್ನನ್ನು ತಾನೇ ಜಗತ್ತಿನ ಅತ್ಯುತ್ತಮ ನಟ ಅಂದುಕೊಂಡಿದ್ದಾನೆ ಅಂತ.

ನನ್ನನ್ನು ಕೇಳಿದರೆ ಅವರ ದೊಡ್ಡ ಕೆಲಸ ಹಾಲಿವುಡ್ಡಿನದ್ದಲ್ಲ, 1996ರ ‘ಬ್ರಾಸ್ಡ್ ಆಫ್’. ಯಾರ್ಕ್‌ಶೈರಿನ ಗ್ರೈಮ್‌ಥಾರ್ಪ್ ಕಲ್ಲಿದ್ದಲು ಗಣಿಯ ಬ್ಯಾಂಡ್ 1992ರಲ್ಲಿ ರಾಷ್ಟ್ರೀಯ ಸ್ಪರ್ಧೆ ಗೆದ್ದಿತ್ತು, ಸರ್ಕಾರ ಗಣಿಗಳನ್ನು ಮುಚ್ಚುತ್ತೇವೆ ಅಂದ ಕೆಲವೇ ದಿನಗಳಲ್ಲಿ. ಆ ಎಳೆ ಹಿಡಿದು ಮಾಡಿದ ಚಿತ್ರ. ಬ್ಯಾಂಡ್ ಮೇಷ್ಟ್ರು ಡ್ಯಾನಿಯ ಪಾತ್ರ ಇವರದ್ದು, ಶ್ವಾಸಕೋಶದ ತುಂಬ ಕಲ್ಲಿದ್ದಲ ಧೂಳು. ಆಸ್ಪತ್ರೆ ಸೇರಿದಾಗ ಹುಡುಗರೆಲ್ಲ ರಾತ್ರಿ ಹೊರಗೆ ನಿಂತು, ಗಣಿಯ ಹೆಲ್ಮೆಟ್ಟಿನ ದೀಪ ಹಚ್ಚಿಕೊಂಡು ಬಾರಿಸುತ್ತಾರೆ, ಇವರು ಒಳಗೆ ಮಲಗಿ ಕೇಳುತ್ತಾರೆ. ಕೊನೆಗೆ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಗೆದ್ದಾಗ, ಸಂಗೀತವೇ ಮುಖ್ಯ ಅಂದುಕೊಂಡಿದ್ದೆ, ಜನರ ಮುಂದೆ ಅದು ಏನೂ ಅಲ್ಲ ಅನ್ನೋ ಅರ್ಥದಲ್ಲಿ ಮಾತಾಡಿ ಟ್ರೋಫಿ ಬೇಡ ಅಂತಾರೆ. ಇಂಥ ಭಾಷಣದ ದೃಶ್ಯ ಕೇಳಿದರೆ ನನಗೆ ಮೊದಲೇ ಅಲರ್ಜಿ, ಆದರೆ ಈ ಮನುಷ್ಯ ಚಪ್ಪಾಳೆಗೆ ಕಾಯದೆ, ಅಳುವನ್ನೂ ಕೇಳದೆ ಮಾತು ಮುಗಿಸುತ್ತಾರೆ. ಅವರ ಹಿಂದೆಯೇ ಬ್ಯಾಂಡಿನವನೊಬ್ಬ ಟ್ರೋಫಿಯನ್ನು ಸುಮ್ನೆ ಎತ್ತಿಕೊಂಡು ಹೋಗುತ್ತಾನೆ. ಚುಂಬವಂಬ ತಂಡದ ‘ಟಬ್‌ಥಂಪಿಂಗ್’ ಹಾಡಿನ ಆಲ್ಬಂ ಆವೃತ್ತಿ ಶುರುವಾಗೋದು ಇದೇ ಭಾಷಣದ ತುಣುಕಿನಿಂದ, ಮೊಮ್ಮಗನಿಗೆ ಕೇಳಿಸಿ.

ಹಣ ಹೆಸರು ಬಂದ ಮೇಲೂ ಅವರು ಲಾಸ್ ಏಂಜಲೀಸಿಗೆ ಹೋಗಿ ಕೂರಲಿಲ್ಲ, ಶ್ರಾಪ್‌ಶೈರಿನ ಹಳ್ಳಿಗಾಡಿನಲ್ಲಿ ಮನೆ ಮಾಡಿಕೊಂಡು ಅಲ್ಲೊಂದು ಗಾಳಿಯಂತ್ರ ಹಾಕಿಸಿದರು. 2009ರಲ್ಲಿ ಹವಾಮಾನ ಬದಲಾವಣೆ ಕುರಿತ ‘ದಿ ಏಜ್ ಆಫ್ ಸ್ಟುಪಿಡ್’ ಚಿತ್ರದಲ್ಲಿ ಮಾಡಿದರು. ಅದರ ಪ್ರದರ್ಶನದ ದಿನ, ಕಿಂಗ್ಸ್‌ನಾರ್ತ್‌ನಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ ಒಪ್ಪಿಗೆ ಕೊಟ್ಟರೆ ತಮಗೆ ಕೊಟ್ಟ ಒಬಿಇ ಎಂಬ ಬ್ರಿಟಿಷ್ ಗೌರವ ವಾಪಸ್ ಮಾಡ್ತೀನಿ ಅಂತ ಮಂತ್ರಿಯ ಎದುರೇ ಹೇಳಿದರು. ಗಣಿ ಕಾರ್ಮಿಕರ ಪರ ಅತ್ತವರೇ ಕಲ್ಲಿದ್ದಲು ಬೇಡ ಅಂದರು ಅಂತ ಕೆಲವರಿಗೆ ಅನಿಸಬಹುದು. ನನಗೇನೋ ಅದರಲ್ಲಿ ವಿರೋಧ ಕಾಣಲ್ಲ. ಡ್ಯಾನಿಯ ಶ್ವಾಸಕೋಶ ನೆನಪಿದೆಯಲ್ಲ.

2008ರಲ್ಲಿ ಕಿಂಗ್ ಲಿಯರ್ ಮಾಡೋಕೆ ಆಯ್ದುಕೊಂಡಿದ್ದೂ ಹಳೇ ಎವ್ರಿಮನ್ ಥಿಯೇಟರನ್ನೇ. ನೀವು ನೋಡಿದ ಇನ್ಸೆಪ್ಷನ್ ಬಂದಿದ್ದು 2010ರ ಜುಲೈನಲ್ಲಿ, 2011ರ ಜನವರಿ 2ರಂದು ಕ್ಯಾನ್ಸರ್‌ನಿಂದ ತೀರಿಕೊಂಡರು, 64 ವರ್ಷ.

ಮೊಮ್ಮಗನ ಜೊತೆ ‘ಬ್ರಾಸ್ಡ್ ಆಫ್’ ನೋಡಿ, ಬೈಗುಳ ಸ್ವಲ್ಪ ಜಾಸ್ತಿ, ಹುಡುಗನ ವಯಸ್ಸು ನೋಡಿಕೊಂಡು. ಆ ಲಿವರ್‌ಪೂಲ್ ಮನೆಯ ಚಿತ್ರ ಮಾತ್ರ ಒಬ್ಬರೇ ಕೂತು ನೋಡಿ ಸಾರ್. ನೋಡಿದ ಮೇಲೆ ಇನ್ನೊಂದು ಕಾಗದ ಹಾಕಿ.

— ಸಂ.